ಗಾಳಿ ಹಿಡಿದ ಕಾರು

ನನ್ನ ತಮ್ಮನಿಗೆ ಗಾಳಿ ಹಿಡಿದಿದೆಯೆಂದು ಮೊದಲು ಹೇಳಿದವಳು ನಮ್ಮ ತಾಯಿ. ಊಟಕ್ಕೆ ಕರೆದರೆ ಓಗೊಡುವುದಿಲ್ಲ. ನಡುರಾತ್ರಿಯಲ್ಲಿ ದೀಪ ಹಾಕಿಕೊಂಡು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಕೊಳವೆಗಳ ಚಿತ್ರ ಬರೆಯುತ್ತಾನೆ. ತನ್ನಷ್ಟಕ್ಕೆ ತಾನೇ ಲೆಕ್ಕ ಒಪ್ಪಿಸಿಕೊಂಡು ನಗುತ್ತಾನೆ. ಇಂತಹ ಲಕ್ಷಣಗಳಿಗೆ ನಮ್ಮ ಕಡೆ ರೋಗದ ಹೆಸರೂ ಒಂದೇ, ಔಷಧವೂ ಒಂದೇ: ಬೇವಿನ ಸೊಪ್ಪು, ನಿಂಬೆಯ ಹಣ್ಣು, ಅಮಾವಾಸ್ಯೆಯ ರಾತ್ರಿ. ಆದರೆ ಅಮ್ಮ ಆಡಿದ ಮಾತು ಅವಳು ತಿಳಿದಿದ್ದುದಕ್ಕಿಂತ ಹೆಚ್ಚು ನಿಜವಾಗಿತ್ತು. ಅವನನ್ನು ಹಿಡಿದಿದ್ದುದು ಗಾಳಿಯೇ. ಎಂಜಿನ್ನು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚಿನ ಗಾಳಿಯನ್ನು ಅದರ ಹೊಟ್ಟೆಗೆ ಒತ್ತಿ ತುಂಬುವ ಟರ್ಬೊ ಎಂಬ ಯಂತ್ರದ ಗಾಳಿ.

ಕನ್ನಡ ಎಂ.ಎ. ಮಾಡಿದವನಿಗೂ ಟರ್ಬೊವಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕರ್ಣನ ರಥದ ಗಾಲಿ ಹೂತದ್ದೇಕೆಂದು ತರಗತಿಯಲ್ಲಿ ಒಂದು ಗಂಟೆ ಹೇಳಬಲ್ಲೆ. ನನ್ನ ಕಾರು ದಾರಿಯಲ್ಲಿ ನಿಂತದ್ದೇಕೆಂದು ಒಂದು ವಾಕ್ಯ ಹೇಳಲಾರೆ. ಸಂಬಂಧವಿದ್ದುದು ನನ್ನ ಸಹಿಗೆ. ತಮ್ಮ ಕಣ್ಣಿಟ್ಟಿದ್ದುದು ನಮ್ಮ ತಂದೆಯವರ ಕಾರಿನ ಮೇಲೆ. ತಂದೆಯವರು ತೀರಿಕೊಂಡ ಮೇಲೆ ಅದು ಹಿರಿಯ ಮಗನಾದ ನನ್ನ ಹೆಸರಿಗೆ ಬಂದಿತ್ತು.

ಅದೊಂದು ಬಿಳಿಯ ಮಾರುತಿ ಎಸ್ಟೀಮ್, 2000ದ ತಯಾರಿಕೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ತಂದೆಯವರು 2004ರಲ್ಲಿ ಸಾಲ ಮಾಡಿ ಬೇರೊಬ್ಬರಿಂದ ಕೊಂಡದ್ದು. 1,298 ಘನ ಸೆಂಟಿಮೀಟರಿನ ಎಂಜಿನ್ನು, 85 ಅಶ್ವಶಕ್ತಿ. ತಂದೆಯವರು ಅದರಲ್ಲಿ ನಲವತ್ತಕ್ಕಿಂತ ಹೆಚ್ಚನ್ನು ಎಂದಾದರೂ ಬಳಸಿದ್ದರೋ ಇಲ್ಲವೋ ನಾನರಿಯೆ. ಗಂಟೆಗೆ ಐವತ್ತು ಕಿಲೋಮೀಟರು ದಾಟಿದರೆ ಅವರು ಕೆಮ್ಮುತ್ತಿದ್ದರು.

“ಅಣ್ಣಾ, ಅಪ್ಪನ ಕಾರಿಗೆ ಟರ್ಬೊ ಹಾಕುತ್ತೇನೆ. ಒಪ್ಪಿಗೆ ಕೊಡು,” ಎಂದು ಅವನು ಕೇಳಿದಾಗ ನಾನು ಥಟ್ಟನೆ ಇಲ್ಲವೆನ್ನದೆ ಸುಮ್ಮನಿದ್ದುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ಒಬ್ಬ ಶ್ರೀಮಂತರ ಮನೆಯ ಹುಡುಗ ತನ್ನ ಕಾರನ್ನು ತಮ್ಮನ ಗ್ಯಾರೇಜಿಗೆ ತಂದು, ಇದಕ್ಕೆ ಟರ್ಬೊ ಬೇಕು, ಹದಿನೈದು ದಿನದಲ್ಲಿ ಬೇಕು ಎಂದಿದ್ದ. ತಮ್ಮ ಒಪ್ಪಿದ, ಹತ್ತೇ ದಿನದಲ್ಲಿ ಮುಗಿಸಿಕೊಟ್ಟ. ಹುಡುಗ ಹಿಗ್ಗಿದ. ಹನ್ನೊಂದನೆಯ ದಿನ ಹೆದ್ದಾರಿಯಲ್ಲಿ ಪಿಸ್ಟನ್ನು ಒಡೆಯಿತು. ತಮ್ಮ ಪಡೆದ ಹಣವನ್ನೆಲ್ಲ ಹಿಂದಕ್ಕೆ ಕೊಟ್ಟು, ಮೇಲೆ ಒಂದು ಎಂಜಿನ್ನನ್ನೂ ಕೂರಿಸಿಕೊಟ್ಟ. 1,80,000 ರೂಪಾಯಿ ಹೋಯಿತು. ಅವನ ಮೋಟಾರು ಸೈಕಲ್ಲು ಹೋಯಿತು. ಅಮ್ಮನ ಎರಡು ಬಳೆಗಳು ಅಡವಿಗೆ ಹೋದವು. ಇವೆಲ್ಲ ಮರಳಿ ಬರುವಂತಹವು. ಮರಳದೆ ಹೋದದ್ದು ಹೆಸರು. ತುಮಕೂರಿನಷ್ಟು ಊರಿನಲ್ಲಿ ಒಬ್ಬ ಮೆಕ್ಯಾನಿಕ್ಕಿನ ಹೆಸರು ಕೆಡಲು ಎರಡು ದಿನ ಸಾಕು. ಆಮೇಲೆ ಅವನ ಬಳಿಗೆ ಪಂಕ್ಚರಿಗೂ ಆಯಿಲು ಬದಲಾಯಿಸುವುದಕ್ಕೂ ಮಾತ್ರ ಜನ ಬರುತ್ತಿದ್ದರು.

ಆ ದಿನಗಳಲ್ಲಿ ನಾನು ಒಂದು ಮಾತನ್ನಾಡಿದ್ದೆ. “ಇದ್ದದ್ದನ್ನು ಇದ್ದಂತೆ ಇಡಲು ಬಾರದವನಿಗೆ ಇಲ್ಲದ್ದನ್ನು ಸೇರಿಸುವ ಉಸಾಬರಿ ಏಕೆ?” ವಾಕ್ಯವೇನೋ ಚೆನ್ನಾಗಿತ್ತು. ಉಪನ್ಯಾಸಕರ ದೌರ್ಭಾಗ್ಯವೆಂದರೆ ನೋಯಿಸುವ ಮಾತೂ ನಮ್ಮ ಬಾಯಲ್ಲಿ ಅಲಂಕಾರ ತೊಟ್ಟೇ ಹೊರಡುತ್ತದೆ. ತಮ್ಮ ಉತ್ತರ ಕೊಡಲಿಲ್ಲ. ಎರಡು ವರ್ಷಗಳ ಕಾಲ ನನ್ನ ಮುಂದೆ ಎಂಜಿನ್ನಿನ ಮಾತನ್ನೇ ಎತ್ತಲಿಲ್ಲ.

ಆದುದರಿಂದ ಈ ಸಲ ನಾನು ಒಂದು ಷರತ್ತು ಹಾಕಿದೆ. “ನನಗೆ ಪಾಠ ಹೇಳು. ನನ್ನಂತಹವನಿಗೆ ಅರ್ಥವಾದರೆ ಸಹಿ ಹಾಕುತ್ತೇನೆ.” ಅಂದಿನಿಂದ ಸಂಜೆ ಆರಕ್ಕೆ ಅವನ ಗ್ಯಾರೇಜಿನಲ್ಲಿ, ತಲೆಕೆಳಗಾಗಿ ಇರಿಸಿದ ಬಣ್ಣದ ಡಬ್ಬದ ಮೇಲೆ ಕುಳಿತು, ಮೂವತ್ತೈದು ವರ್ಷದ ವಿದ್ಯಾರ್ಥಿ ಪಾಠ ಕೇಳತೊಡಗಿದ.

ಪಾಠ ನಾನೆಣಿಸಿದಷ್ಟು ಕಠಿಣವಾಗಿರಲಿಲ್ಲ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ 14.7 ಗ್ರಾಂ ಗಾಳಿ ಬೇಕು. ಆದ್ದರಿಂದ ಎಂಜಿನ್ನಿನ ಬಲವನ್ನು ನಿರ್ಧರಿಸುವುದು ಪೆಟ್ರೋಲಲ್ಲ, ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಮಾತ್ರ ಎಂಜಿನ್ನು ತಾನೇ ಉಸಿರೆಳೆದು ತಂದುಕೊಳ್ಳಬೇಕು. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಟರ್ಬೊ ಹಾಗೆ. ತಿದಿಯನ್ನು ಒತ್ತುವವರಾರು ಎಂಬಲ್ಲಿದೆ ಅದರ ಸ್ವಾರಸ್ಯ. ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಭಾಗ ಹೊಗೆಯ ಕೊಳವೆಯಿಂದ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಆ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಗಾಲಿಯನ್ನಿಟ್ಟರೆ ಅದು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಗಾಲಿ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತುತ್ತದೆ. ಉಂಡು ಬಿಟ್ಟ ಎಂಜಲೇ ಮುಂದಿನ ತುತ್ತನ್ನು ಬಾಯಿಗಿಡುವ ಹಾಗೆ. ಅಂಗೈಯಗಲದ ಆ ಗಾಲಿಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತವೆಂದು ತಮ್ಮ ಹೇಳಿದಾಗ ನಾನು ಡಬ್ಬವನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

ಈ ಉಪಾಯವನ್ನು ಕಂಡವನು ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರು. ಅವನ ಪೇಟೆಂಟು 1905ರದು. ಆದರೆ ಅದರ ಒಳಗುಟ್ಟನ್ನು ನನಗೆ ತಿಳಿಸಿದವರು ಬ್ಯೂಕಿಯಲ್ಲ, ತಮ್ಮನಿಗೆ ಕಸುಬು ಕಲಿಸಿದ ಮೇಸ್ತ್ರಿಗಳು. ಎಪ್ಪತ್ತೈದು ದಾಟಿದ ಸಾಹೇಬರು. ಈಗ ಕೆಲಸ ಮಾಡುವುದಿಲ್ಲ, ಸಂಜೆ ಬಂದು ಚಹಾ ಕುಡಿದು ಶಿಷ್ಯನ ತಪ್ಪುಗಳನ್ನು ಎಣಿಸಿ ಹೋಗುತ್ತಾರೆ. ಅವರ ತಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳನ್ನು 1948ರಿಂದ ಆ ಕಾರ್ಖಾನೆಯವರು ಒಂದೊಂದಾಗಿ ಎಬ್ಬಿಸಿ, ಹಾರಿಸಿಕೊಂಡು ಬೆಂಗಳೂರಿಗೆ ತಂದು ದುರಸ್ತಿ ಮಾಡಿದರು. ಅವು 1968ರವರೆಗೆ ನಮ್ಮ ವಾಯುಸೇನೆಯಲ್ಲಿದ್ದವು. ಆ ವಿಮಾನದ ಒಂದೊಂದು ಎಂಜಿನ್ನಿನ ಹೊಟ್ಟೆಯ ಕೆಳಗೂ ಒಂದೊಂದು ಟರ್ಬೊ ಇತ್ತು.

“ನಮ್ಮ ಅಬ್ಬಾ ಹೇಳುತ್ತಿದ್ದರು, ಮೇಷ್ಟ್ರೇ,” ಎಂದರು ಮೇಸ್ತ್ರಿಗಳು. “ಮೇಲೆ ಹೋದಷ್ಟೂ ಗಾಳಿ ತೆಳು. ಎಂಜಿನ್ನಿಗೆ ಉಸಿರು ಸಾಲದು. ಟರ್ಬೊ ಆ ಕೊರತೆ ತುಂಬಿಕೊಡುತ್ತಿತ್ತು. ನೆಲದ ಮೇಲೆ ಎಷ್ಟು ಗಾಳಿ ಸಿಗುತ್ತಿತ್ತೋ ಮೇಲೂ ಸುಮಾರು ಅಷ್ಟೇ. ಹೋದದ್ದನ್ನು ವಾಪಸು ಕೊಡುವ ಕೆಲಸ ಅದು. ನಿಮ್ಮ ತಮ್ಮ ಮಾಡುವುದು ಹಾಗಲ್ಲ. ನೆಲದ ಮೇಲೇ ನಿಂತು, ಹೊಟ್ಟೆ ತುಂಬ ಉಂಡವನಿಗೆ ಇನ್ನೂ ಬಡಿಸುತ್ತಾನೆ.”

ವಿಷಯದ ತಿರುಳು ನನಗೆ ಹೊಳೆದದ್ದು ಆ ಮಾತಿನಿಂದ. ಕಾರಿನ ಕಾರ್ಖಾನೆಯವರು ಎಂಜಿನ್ನನ್ನು ಮಾಡುವಾಗ ಲೋಹಕ್ಕೆ ಸ್ವಲ್ಪ ಹೆಚ್ಚಿನ ತಾಳಿಕೆಯನ್ನು ಉಳಿಸಿರುತ್ತಾರೆ. ಬಿಸಿಲಿಗಿಷ್ಟು, ಕೆಟ್ಟ ಪೆಟ್ರೋಲಿಗಿಷ್ಟು, ಆಯಿಲು ನೋಡದ ಒಡೆಯನಿಗಿಷ್ಟು. ಟರ್ಬೊ ಹಾಕುವವನು ಖರ್ಚು ಮಾಡುವುದು ಆ ಇಡುಗಂಟನ್ನು. ಈಗ ಕಾರ್ಖಾನೆಯಿಂದಲೇ ಟರ್ಬೊ ತೊಟ್ಟು ಬರುವ ಪುಟ್ಟ ಪೆಟ್ರೋಲು ಕಾರುಗಳು ನಮ್ಮ ಬೀದಿಗಳಲ್ಲಿಯೂ ಓಡುತ್ತಿವೆ. ಆದರೆ ಅವುಗಳ ಎಂಜಿನ್ನನ್ನು ಆ ಒತ್ತಡವನ್ನು ಲೆಕ್ಕಕ್ಕೆ ಹಿಡಿದೇ ಎರಕ ಹೊಯ್ದಿರುತ್ತಾರೆ. ನಮ್ಮ ಎಸ್ಟೀಮಿನದು ಆ ಜಾತಿಯದಲ್ಲ. ಅದರಲ್ಲಿ ಪಿಸ್ಟನ್ನು ಒಳಗಿನ ಮಿಶ್ರಣವನ್ನು ಒಂಬತ್ತೂವರೆಗೆ ಒಂದರಂತೆ ಅಮುಕುತ್ತದೆ. ಮೊದಲೇ ಒತ್ತಿ ತಂದ ಗಾಳಿಯನ್ನು ಮತ್ತೆ ಅಷ್ಟು ಅಮುಕಿದರೆ, ಕಿಡಿಯಿಂದ ಹೊತ್ತಿದ ಉರಿ ಹರಡಿ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಸುತ್ತಿಗೆಯಲ್ಲಿ ಬಡಿದಂತಹ ಸದ್ದು. ಪೆಟ್ಟು ಬೀಳುವುದು ಪಿಸ್ಟನ್ನಿನ ನೆತ್ತಿಗೆ. ಹನ್ನೊಂದನೆಯ ದಿನ ಒಡೆದ ಪಿಸ್ಟನ್ನಿಗೆ ಆಗಿದ್ದುದು ಇದೇ.

ಇದು ನಮ್ಮ ತಮ್ಮನೊಬ್ಬನ ಕಷ್ಟವೇನಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆಯವರು ಜೆಟ್‌ಫೈರ್ ಎಂಬ ಕಾರನ್ನು ಟರ್ಬೊ ಸಹಿತ ಮಾರಿದರು. ಅದರ ಎಂಜಿನ್ನು ಹತ್ತೂಕಾಲಕ್ಕೆ ಒಂದರಂತೆ ಅಮುಕುತ್ತಿತ್ತು. ನಾಕಿಂಗನ್ನು ತಡೆಯಲು ನೀರು ಮೆಥನಾಲುಗಳ ಒಂದು ದ್ರವವನ್ನು ಬೇರೆ ತೊಟ್ಟಿಯಿಂದ ಒಳಕ್ಕೆ ಚಿಮುಕಿಸುತ್ತಿದ್ದರು. ಆ ದ್ರವದ ಹೆಸರು ‘ಟರ್ಬೊ ರಾಕೆಟ್ ಫ್ಲೂಯಿಡ್’. ಹೆಸರು ಎಷ್ಟೇ ಘನವಾಗಿದ್ದರೂ ತೊಟ್ಟಿ ತುಂಬಬೇಕಾದವನು ಮನುಷ್ಯ, ಮನುಷ್ಯ ಮರೆತ. ತೊಟ್ಟಿ ಬರಿದಾದರೆ ಒತ್ತಡ ತಾನಾಗಿ ಇಳಿಯುವ ಏರ್ಪಾಡಿತ್ತು. ಆಗ ಕೊಂಡವರು ಕಾರಿಗೆ ಶಕ್ತಿಯೇ ಇಲ್ಲವೆಂದು ದೂರಿದರು. ಎಷ್ಟೋ ಮಂದಿ ಕೊನೆಗೆ ಟರ್ಬೊವನ್ನೇ ಕಿತ್ತು ಹಾಕಿಸಿಕೊಂಡರು. 1963ರಲ್ಲಿ ಅದರ ತಯಾರಿಕೆ ನಿಂತಿತು. ಮುಂದೆ ಸ್ವೀಡನ್ನಿನ ಸಾಬ್ ಸಂಸ್ಥೆಯವರು 1970ರ ದಶಕದ ಕೊನೆಯಲ್ಲಿ ತಮ್ಮ 99 ಎಂಬ ಕಾರಿಗೆ ಟರ್ಬೊ ಕೂಡಿಸಿದಾಗ ಅಮುಕುವಿಕೆಯನ್ನು 7.2ಕ್ಕೆ ಇಳಿಸಿದರು, ಟರ್ಬೊವನ್ನು ಚಿಕ್ಕದಾಗಿ ಇಟ್ಟರು, ಹೆಚ್ಚಾದ ಹೊಗೆ ಗಾಲಿಯನ್ನು ಬಳಸಿ ಹೊರಕ್ಕೆ ಹೋಗಲು ‘ವೇಸ್ಟ್‌ಗೇಟ್’ ಎಂಬ ಬಾಗಿಲನ್ನಿಟ್ಟರು. ಅದು ದಿನನಿತ್ಯ ಓಡಿಸುವ ಕಾರಾಯಿತು. ವೇಸ್ಟ್‌ಗೇಟೆಂದರೇನೆಂದು ನಾನು ಕೇಳಿದ್ದಕ್ಕೆ ತಮ್ಮ, “ಕೆರೆಗೆ ಕೋಡಿ ಇರುವುದಿಲ್ಲವೇ ಅಣ್ಣಾ, ಹಾಗೆ,” ಎಂದ. ಪದವೀಧರರಿಗೆ ಪಾಠ ಹೇಳುವ ನಾನು ಅಷ್ಟು ಚೊಕ್ಕವಾದ ಉಪಮೆಯನ್ನು ಆ ವರ್ಷ ತರಗತಿಯಲ್ಲಿ ಕೊಟ್ಟ ನೆನಪಿಲ್ಲ.

ಇಷ್ಟಾದರೂ ನಾನು ಸಹಿ ಹಾಕಿರಲಿಲ್ಲ. ಕಾನೂನೊಂದು ಅಡ್ಡ ನಿಂತಿತ್ತು. ತಯಾರಕರು ನಿಗದಿ ಮಾಡಿದ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ. ಒಡೆಯ ನಾನು. ಎರಡು ವರ್ಷಗಳ ಹಿಂದೆ ಆ ಹುಡುಗನ ಕಾರಿಗೆ ಕೈಹಾಕಿದಾಗ ತಮ್ಮನೂ ಇದನ್ನು ಯೋಚಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಸಲ ಅವನೇ ಯೋಚಿಸಿದ್ದ. ಕಾರು ಇನ್ನು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಕೊಯಮತ್ತೂರಿನ ಬಳಿ ಓಟದ ಪಥವೊಂದಿದೆ. ಅಲ್ಲಿ ತಮ್ಮ ತಮ್ಮ ಕಾರುಗಳನ್ನು ತಂದು ಓಡಿಸಲು ಅವಕಾಶವಿರುವ ದಿನಗಳಿವೆ. ಲಾರಿಯಲ್ಲಿ ಹೇರಿಕೊಂಡು ಹೋಗುವುದು, ಅಲ್ಲಿಯೇ ಓಡಿಸುವುದು, ಹೇರಿಕೊಂಡು ಬರುವುದು. 2025ರಲ್ಲಿ ನೋಂದಣಿಯ ಅವಧಿಯೂ ಮುಗಿಯುವುದಿತ್ತು. ಅದನ್ನು ಮುಂದುವರಿಸದೆ, ಕಾರನ್ನು ರಸ್ತೆಯಿಂದ ಶಾಶ್ವತವಾಗಿ ಹಿಂತೆಗೆದಿದೆಯೆಂದು ಸಾರಿಗೆ ಕಚೇರಿಗೆ ಬರೆದುಕೊಡಬೇಕು.

ಸಹಿ ಬೇಕಾಗಿದ್ದುದು ಈ ಕಾಗದಕ್ಕೆ. ಎಂದರೆ ತಂದೆಯವರ ಕಾರು ಇನ್ನೊಮ್ಮೆ ನಮ್ಮ ಮನೆಯ ಬೀದಿಯಲ್ಲಿ ಬಂದು ನಿಲ್ಲುವುದಿಲ್ಲ. ಅಮ್ಮನನ್ನು ಕೂರಿಸಿಕೊಂಡು ಸಿದ್ಧಗಂಗೆಗೆ ಹೋಗುವುದಿಲ್ಲ. ಕಾಗದವನ್ನು ಹದಿನೈದು ದಿನ ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ.

ಆ ಹದಿನೈದು ದಿನಗಳಲ್ಲಿ ತಮ್ಮ ಟರ್ಬೊವನ್ನು ಮುಟ್ಟಲೇ ಇಲ್ಲ. ನಾಲ್ಕು ಸಿಲಿಂಡರುಗಳ ಒತ್ತಡವನ್ನು ಅಳೆದ. ಒಂದರಲ್ಲಿ 182 ಪೌಂಡು, ಎರಡರಲ್ಲಿ 178, ನಾಲ್ಕರಲ್ಲಿ 180, ಮೂರನೆಯದರಲ್ಲಿ 141. ಅದರೊಳಕ್ಕೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆದ. ಒತ್ತಡ ಏರಿದರೆ ದೋಷ ಪಿಸ್ಟನ್ನಿನ ರಿಂಗುಗಳಲ್ಲಿ, ಏರದಿದ್ದರೆ ವಾಲ್ವಿನಲ್ಲಿ ಎಂದು ವಿವರಿಸಿದ. ಏರಲಿಲ್ಲ. ಹೆಡ್ಡನ್ನು ಕಳಚಿ ವಾಲ್ವುಗಳನ್ನು ಅರೆದು ಕೂರಿಸಿದ, ಹೊಸ ಗ್ಯಾಸ್ಕೆಟ್ಟು ಹಾಕಿದ, ರೇಡಿಯೇಟರನ್ನು ತೊಳೆಸಿದ, ಪೆಟ್ರೋಲು ಹರಿಯುವ ಹಳೆಯ ರಬ್ಬರು ಕೊಳವೆಗಳನ್ನೆಲ್ಲ ಬದಲಾಯಿಸಿದ. ಮತ್ತೆ ಅಳೆದಾಗ ನಾಲ್ಕೂ ಸಮವಾದವು.

“ಆಗ ಆ ಹುಡುಗನ ಕಾರಿನಲ್ಲಿಯೂ ಹೀಗೆ ಅಳೆದಿದ್ದೆಯಾ?” ಎಂದು ಕೇಳಿದೆ.

“ಇಲ್ಲ,” ಎಂದ. ಕೈಯಲ್ಲಿದ್ದ ಬಟ್ಟೆಯಿಂದ ಬಹಳ ಹೊತ್ತು ಬೆರಳೊರೆಸಿಕೊಂಡ. “ಅವನಿಗೆ ಅವಸರ ಇತ್ತು ಅಂತ ಎಲ್ಲರಿಗೂ ಹೇಳಿದೆ ಅಣ್ಣಾ. ಅವಸರ ಇದ್ದದ್ದು ನನಗೆ.”

ಮರುದಿನ ಸಹಿ ಹಾಕಿದೆ. ಅಮ್ಮನನ್ನು ಕೇಳಿದ್ದಕ್ಕೆ, ಮೂಲೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಓಡಲಿ ಬಿಡು ಎಂದಳು. ನಂಬರಿನ ಫಲಕವನ್ನು ಮಾತ್ರ ಬಿಚ್ಚಿಸಿ ತೆಗೆದುಕೊಂಡು, ತಂದೆಯವರ ಕನ್ನಡಕವಿರುವ ಬೀರುವಿನಲ್ಲಿ ಇಟ್ಟುಕೊಂಡಳು.

ಟರ್ಬೊವಿನ ಕಥೆ ಬೇರೆ. ಶಿವಾಜಿನಗರದ ಗುಜರಿಯಲ್ಲಿ ಒಂದು ಡೀಸೆಲ್ ಕಾರಿನ ಟರ್ಬೊ 9,000 ರೂಪಾಯಿಗೆ ಸಿಕ್ಕಿತೆಂದು ತಮ್ಮ ಹಿಗ್ಗಿನಿಂದ ತಂದಿದ್ದ. ಮೇಸ್ತ್ರಿಗಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟರು. ಡೀಸೆಲ್ಲಿನ ಹೊಗೆ ಸಾಮಾನ್ಯವಾಗಿ ಎಂಟುನೂರು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಒತ್ತಡದಲ್ಲಿ ದುಡಿಯುವ ಪೆಟ್ರೋಲು ಎಂಜಿನ್ನಿನ ಹೊಗೆ ಸಾವಿರವನ್ನು ಮುಟ್ಟಲು ಹೋಗುತ್ತದೆ. ಲೋಹ ನೋಡಲು ಒಂದೇ; ತಾಳಿಕೆ ಬೇರೆ. “ಬೆಳಗಾವಿಯ ಚಳಿಗೆ ಹೊಲಿಸಿದ ಕೋಟು, ರಾಯಚೂರಿನಲ್ಲಿ ತೊಡುತ್ತೀಯಾ?” ಎಂದರು. ಅದನ್ನು ಮರಳಿಸಿ, ಅಪಘಾತವಾದ ಒಂದು ಪುಟ್ಟ ಪೆಟ್ರೋಲು ಕಾರಿನ ಟರ್ಬೊವನ್ನು ಮೂರು ಪಟ್ಟು ಬೆಲೆ ಕೊಟ್ಟು ತಂದ. ಅದರ ಬೇರಿಂಗಿನ ಸುತ್ತ ತಂಪಿಗಾಗಿ ನೀರು ಹರಿಯುವ ದಾರಿಯೂ ಇತ್ತು.

ನನ್ನ ಕಸುಬಿನ ಮಾತೊಂದನ್ನು ಇಲ್ಲಿ ಆಡಲು ವಾಚಕರು ಅನುಮತಿ ಕೊಡಬೇಕು. ಕನ್ನಡ ವ್ಯಾಕರಣದಲ್ಲಿ ಆಗಮಸಂಧಿಯೆಂಬುದೊಂದಿದೆ. ಮನೆ, ಅನ್ನು ಎಂಬ ಎರಡು ರೂಪಗಳನ್ನು ಹಾಗೆಯೇ ಕೂಡಿಸಿದರೆ ಸ್ವರಕ್ಕೆ ಸ್ವರ ತಾಕಿ ನಾಲಗೆ ಎಡವುತ್ತದೆ. ಆದುದರಿಂದ ನಡುವೆ ಒಂದು ಯಕಾರ ಬಂದು ಮನೆಯನ್ನು ಎಂದಾಗುತ್ತದೆ. ಆ ಯಕಾರಕ್ಕೆ ತನ್ನದೇ ಅರ್ಥವೇನೂ ಇಲ್ಲ. ತಮ್ಮನ ಕೆಲಸದಲ್ಲಿ ನಾನು ಕಂಡದ್ದು ಇಂತಹ ಯಕಾರಗಳನ್ನೇ. ಟರ್ಬೊವನ್ನು ಕೂರಿಸಿದ್ದು ಒಂದು ದಿನದ ಕೆಲಸ. ಅದಕ್ಕೂ ಎಂಜಿನ್ನಿಗೂ ನಡುವೆ ಬರಬೇಕಾದವುಗಳಿಗೆ ಎರಡು ತಿಂಗಳು ಹಿಡಿಯಿತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಮೂವತ್ತು ಡಿಗ್ರಿಯ ಗಾಳಿ ಆರು ಪೌಂಡಿನ ಒತ್ತಡಕ್ಕೇ ಎಪ್ಪತ್ತು ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ನಾಕಿಂಗಿಗೆ ಆಹ್ವಾನ. ಅದನ್ನು ತಣಿಸಲು ಬಂಪರಿನ ಹಿಂದೆ ಇಂಟರ್‌ಕೂಲರು ಬಂದಿತು. ಹೆಚ್ಚು ಬಲವನ್ನು ಚಕ್ರಕ್ಕೆ ಮುಟ್ಟಿಸಲು ಗಟ್ಟಿಯಾದ ಕ್ಲಚ್ಚು ಬಂದಿತು. ನಿಲ್ಲಿಸಲು ಹೊಸ ಬ್ರೇಕು. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಒಂದು ಮೊಳದ ಕೊಳವೆ.

ಮೊದಲ ಸಲ ಎಂಜಿನ್ನು ಚಾಲೂ ಮಾಡಿದ ದಿನ ಐದು ನಿಮಿಷದಲ್ಲಿ ಗ್ಯಾರೇಜಿನ ತುಂಬ ನೀಲಿ ಹೊಗೆ. ಆಯಿಲು ಸುಡುತ್ತಿತ್ತು. ಪಕ್ಕದ ಟೈರು ಅಂಗಡಿಯವರು ಬಾಗಿಲಿಗೆ ಬಂದು ನಿಂತರು. ಒಬ್ಬನು ನಕ್ಕದ್ದೂ ನನಗೆ ಕೇಳಿಸಿತು. ತಮ್ಮ ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕುಳಿತುಬಿಟ್ಟ. ನನ್ನ ಹಳೆಯ ವಾಕ್ಯ ಆ ಹೊಗೆಯಲ್ಲಿ ನಮ್ಮಿಬ್ಬರ ನಡುವೆ ನಿಂತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಹೇಳಲು ಏನೂ ತೋರಲಿಲ್ಲ.

ಮೇಸ್ತ್ರಿಗಳು ಚಹಾದ ಲೋಟವನ್ನು ನನ್ನ ಕೈಗೆ ಕೊಟ್ಟು, ಆ ವಯಸ್ಸಿನಲ್ಲಿ ಕಾರಿನ ಕೆಳಗೆ ತೂರಿ, ಟಾರ್ಚು ಬಿಟ್ಟು ನೋಡಿದರು. ಕೆಳಗಿನಿಂದಲೇ ನಗುವ ಸದ್ದು ಕೇಳಿತು. ಟರ್ಬೊವಿಗೆ ಆಯಿಲು ಬರುವುದು ಪಂಪಿನ ಒತ್ತಡದಿಂದ. ಹೋಗುವುದು ಮಾತ್ರ ತನ್ನ ಭಾರದಿಂದಲೇ, ಅದೂ ನೊರೆಯಾಗಿ. ಆದುದರಿಂದ ಹೊರಹೋಗುವ ಕೊಳವೆ ಒಳಬರುವುದಕ್ಕಿಂತ ಬಹಳ ದಪ್ಪವಾಗಿರಬೇಕು, ಎಲ್ಲಿಯೂ ಜೋಲು ಬೀಳದೆ ಇಳಿಜಾರಾಗಿಯೇ ಇರಬೇಕು, ಕೆಳಗಿನ ತೊಟ್ಟಿಯನ್ನು ಆಯಿಲಿನ ಮಟ್ಟಕ್ಕಿಂತ ಮೇಲೆ ಸೇರಬೇಕು. ತಮ್ಮನ ಕೊಳವೆ ನಡುವೆ ಎರಡು ಬೆರಳು ಜೋತುಬಿದ್ದಿತ್ತು. ಬಚ್ಚಲು ಕಟ್ಟಿದರೆ ನೀರು ಮನೆಯೊಳಕ್ಕೆ ಬರುವಂತೆ, ಹೋಗಲು ದಾರಿಯಿಲ್ಲದ ಆಯಿಲು ಅಚ್ಚಿನ ಸಂದಿಯಿಂದ ಹೊಗೆಯ ದಾರಿಗೆ ನುಗ್ಗಿತ್ತು. ಕೊಳವೆಯನ್ನು ಬದಲಾಯಿಸಲು ಮುನ್ನೂರು ರೂಪಾಯಿ, ಅರ್ಧ ದಿನ. ಹೊಗೆ ನಿಂತಿತು.

ಕೊನೆಯದು ಹದಗೊಳಿಸುವ ಕೆಲಸ. ಕಾರಿನ ಮೂಲ ಕಂಪ್ಯೂಟರಿಗೆ ಹೊರಗಿನ ವಾಯುವಿನಷ್ಟು ಒತ್ತಡದವರೆಗೆ ಮಾತ್ರ ಲೆಕ್ಕ ಬರುತ್ತದೆ. ಅದಕ್ಕೂ ಮೀರಿದ್ದು ಅದರ ಮಗ್ಗಿಯ ಪುಸ್ತಕದಲ್ಲಿಲ್ಲ. ಹೆಚ್ಚು ಗಾಳಿ ಬಂದರೂ ಹೆಚ್ಚು ಪೆಟ್ರೋಲು ಕೊಡಲು ಅದಕ್ಕೆ ತಿಳಿಯದು. ಹಾಗಾಗಿ ಬೇರೆ ಕಂಪ್ಯೂಟರನ್ನು ಕೂಡಿಸಿ, ಕಾರನ್ನು ಬೆಂಗಳೂರಿಗೆ ಹೇರಿಕೊಂಡು ಹೋಗಿ, ಚಕ್ರಗಳನ್ನು ಉರುಳೆಗಳ ಮೇಲಿಟ್ಟು ಬಲವನ್ನು ಅಳೆಯುವ ಒಂದು ಕಡೆ ದಿನವಿಡೀ ನಿಂತೆವು. ಒತ್ತಡ ಏರಿದಾಗ ಒಂದು ಪಾಲು ಪೆಟ್ರೋಲಿಗೆ ಗಾಳಿಯನ್ನು ಹನ್ನೆರಡಕ್ಕಿಂತ ಕೆಳಗೆ ಇಳಿಸಿದ. ಹೆಚ್ಚುವರಿ ಪೆಟ್ರೋಲು ಒಳಗನ್ನು ತಣಿಸುತ್ತದೆಯಂತೆ. ಕಿಡಿ ಹೊತ್ತುವ ಗಳಿಗೆಯನ್ನು ಸ್ವಲ್ಪ ಸ್ವಲ್ಪವೇ ತಡ ಮಾಡುತ್ತ ಹೋದ. ಎಂಜಿನ್ನಿನ ಮೈಗೆ ಒಂದು ತಾಮ್ರದ ಕೊಳವೆಯನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ಕಿವಿಗೆ ಹಾಕುವ ಮುಚ್ಚಳಕ್ಕೆ ಸೇರಿಸಿ, ವೈದ್ಯರು ಎದೆಬಡಿತ ಕೇಳುವಂತೆ ಕೇಳುತ್ತಿದ್ದ. ನನ್ನ ಕಿವಿಗೂ ಒಮ್ಮೆ ಇಟ್ಟ. ನನಗೆ ಕೇಳಿಸಿದ್ದು ಜಾತ್ರೆಯ ಗದ್ದಲ. ಅವನು ಅದೇ ಗದ್ದಲದಲ್ಲಿ ಕೈಯೆತ್ತಿ ನಿಲ್ಲಿಸೆಂದ. ಪ್ಲಗ್ಗುಗಳನ್ನು ಬಿಚ್ಚಿ, ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಸಾಸಿವೆಯಂತಹ ಚುಕ್ಕೆಗಳಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ. ಪಿಸ್ಟನ್ನು ಸವೆಯತೊಡಗಿದರೆ ಮೊದಲ ಸಾಕ್ಷಿ ಅಲ್ಲಿ ಕಾಣುತ್ತದೆ. ಚುಕ್ಕೆಗಳಿರಲಿಲ್ಲ. ಆದರೂ ಕಿಡಿಯನ್ನು ಇನ್ನೂ ಎರಡು ಡಿಗ್ರಿ ತಡ ಮಾಡಿದ.

ಬೆಳಗ್ಗೆ ಟರ್ಬೊವಿನ ಒತ್ತಡವನ್ನು ಬಿಡಿಸಿ ಅಳೆದಾಗ ಚಕ್ರದ ಬಳಿ 71 ಅಶ್ವಶಕ್ತಿಯಿತ್ತು. ಮಧ್ಯಾಹ್ನ 103 ಬಂದಿತ್ತು. ಸಂಜೆ ಅವನು ಒಪ್ಪಿ ನಿಲ್ಲಿಸಿದ್ದು 96ಕ್ಕೆ. ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಆಶ್ಚರ್ಯ. “ಏಳನ್ನು ಸುಮ್ಮನೆ ಬಿಟ್ಟಿರಲ್ಲಾ ಸಾರ್!” ತಮ್ಮ ಬೋನೆಟ್ಟು ಮುಚ್ಚುತ್ತ, “ಅದು ಎಂಜಿನ್ನಿನ ಹತ್ತಿರವೇ ಇರಲಿ,” ಎಂದ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರು ಉದ್ದದ ಪಥ. ನಾವು ಹೋದ ದಿನ ಅಲ್ಲಿಗೆ ಬಂದಿದ್ದ ಕಾರುಗಳ ನಡುವೆ ನಮ್ಮದು ಮದುವೆಯ ಚಪ್ಪರದಲ್ಲಿ ನಿಂತ ಹಳ್ಳಿಯ ಸೋದರಮಾವನಂತಿತ್ತು. ತಮ್ಮ ಒಂದು ಸಲಕ್ಕೆ ಐದು ಸುತ್ತಿನಂತೆ ನಾಲ್ಕು ಸಲ, ಒಟ್ಟು ಇಪ್ಪತ್ತು ಸುತ್ತು ಓಡಿಸಿದ. ವೇಗದಲ್ಲಿ ನಮ್ಮನ್ನು ಹಿಂದೆ ಹಾಕಿದವರು ಬಹಳ. ನಾನು ಕೈಯಲ್ಲಿ ಪುಸ್ತಕ ಹಿಡಿದುಕೊಂಡು, ಒಂದು ಪುಟವನ್ನೂ ಓದದೆ, ಪ್ರತಿ ಸುತ್ತಿಗೂ ಹೊಗೆಯ ಬಣ್ಣ ನೋಡುತ್ತಿದ್ದೆ. ಬಣ್ಣವೇ ಇರಲಿಲ್ಲ. ಎರಡು ವರ್ಷಗಳ ಹಿಂದಿನ ಆ ಹುಡುಗನನ್ನೂ ತಮ್ಮ ಕರೆದಿದ್ದನಂತೆ, ಅವನು ಬರಲಿಲ್ಲ.

ಕೊನೆಯ ಸುತ್ತು ಮುಗಿಸಿ ಮೆಲ್ಲಗೆ ಓಡಿಸಿಕೊಂಡು ಬಂದು ಮರದ ನೆರಳಿನಲ್ಲಿ ನಿಲ್ಲಿಸಿದ. ನಾನು ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತೆ. ಎಂಜಿನ್ನನ್ನು ಅವನು ನಿಲ್ಲಿಸಲಿಲ್ಲ. ಸಣ್ಣಗೆ ಓಡುತ್ತಲೇ ಇತ್ತು. ದುಡಿದ ಟರ್ಬೊವನ್ನು ಕೂಡಲೇ ನಿಲ್ಲಿಸಿದರೆ ಒಳಗಿನ ಶಾಖಕ್ಕೆ ಆಯಿಲು ಅಲ್ಲಿಯೇ ಬೆಂದು ಕರಿಯಾಗಿ ಕಟ್ಟಿಕೊಳ್ಳುತ್ತದೆ. ಎರಡು ಮೂರು ನಿಮಿಷ ಹಾಗೆಯೇ ಬಿಟ್ಟು ತಣಿಸಬೇಕೆಂದು ಪಾಠದಲ್ಲಿ ಹೇಳಿದ್ದ. ನನಗೆ ನೆನಪಾದದ್ದು ಬೇರೆ. ತಂದೆಯವರೂ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಎಂಜಿನ್ನನ್ನು ನಿಲ್ಲಿಸುತ್ತಿರಲಿಲ್ಲ. ರೇಡಿಯೋದಲ್ಲಿ ಬರುತ್ತಿದ್ದ ಹಾಡು ಮುಗಿಯುವವರೆಗೆ ಒಳಗೇ ಕುಳಿತಿರುತ್ತಿದ್ದರು. ಪೆಟ್ರೋಲು ದಂಡವೆಂದು ಅಮ್ಮ ಬಾಗಿಲಿನಿಂದ ಕೂಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಇಳಿಯದೆ ಕಾಯುತ್ತಿದ್ದೆವು.

“ಆವತ್ತು ನಾನು ಹಾಗೆ ಹೇಳಬಾರದಿತ್ತು,” ಎಂದೆ.

ತಮ್ಮ ಗಡಿಯಾರ ನೋಡುತ್ತಿದ್ದ. “ಯಾವತ್ತು?” ಎಂದ. ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಅಮ್ಮನ ಫೋನು ಬಂದಿತು. ಕಾರು ಸರಿಯಾಗಿದೆಯೇ, ಇವನು ಊಟ ಮಾಡಿದನೇ, ಎಲ್ಲ ಮುಗಿಯಿತೇ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಇನ್ನೂ ಒಂದು ನಿಮಿಷ ಇದೆಯೆಂದು ಹೇಳಿದೆ.